ಎಳೆಮೋಡದ ಆಚೆಗಿನ ಗಾಳಿ: ರೇಡಾರ್ ನಿಜಕ್ಕೂ ಏನನ್ನು ನೋಡುತ್ತದೆ?

ಪ್ರಶ್ನೆ: ಮಂಡ್ಯದ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಆಷಾಢದಲ್ಲಿ ವಿದ್ಯಾರ್ಥಿಗಳ ಜೊತೆ ಚಾಮುಂಡಿಬೆಟ್ಟ ಹತ್ತಿದಾಗ ಕೆಳಗಿನ ಕರಿಮೋಡಗಳು ಪಡುವಣದಿಂದ ಮೂಡಣಕ್ಕೆ ಓಡುತ್ತಿದ್ದವು. ಅವುಗಳ ಸಂದಿಯಲ್ಲಿ ಕಂಡ ಹಿಂಜಿದ ಹತ್ತಿಯಂಥ ಎಳೆಮೋಡಗಳು ಅದಕ್ಕೆ ಎದುರಾಗಿ ಸಾಗುತ್ತಿದ್ದವು. ಮೋಡವೇ ಇಲ್ಲದ 20, 50, 90 ಕಿ.ಮೀ. ಎತ್ತರದ ಗಾಳಿಯನ್ನು ರೇಡಾರ್ ಹೇಗೆ ಅಳೆಯುತ್ತದೆ? ಅಲ್ಲಿ ಅಲೆಗಳಿವೆ ಎಂದು ಹೇಗೆ ಗೊತ್ತಾಗುತ್ತದೆ? ಗಾದಂಕಿಯಂಥ ರೇಡಾರ್ ಕೇಂದ್ರ ಇಲ್ಲದ ನಮ್ಮ ಕಾಲೇಜಿನಿಂದ ಏನಾದರೂ ಮಾಡಬಹುದೇ?

ಉತ್ತರ: ನಿಮ್ಮ ವಿದ್ಯಾರ್ಥಿಗಳು ಸರಿಯಾಗಿಯೇ ನೋಡಿದ್ದಾರೆ. ಮುಂಗಾರಿನ ನಾಲ್ಕು ತಿಂಗಳು ನಮ್ಮ ತಲೆಯ ಮೇಲೆ ಎರಡು ಗಾಳಿಗಳು ಎದುರುಬದುರಾಗಿ ಬೀಸುತ್ತವೆ. ಒಂದೆರಡು ಕಿ.ಮೀ. ಎತ್ತರದಲ್ಲಿರುವುದು ಅರಬ್ಬೀ ಸಮುದ್ರದಿಂದ ಕೊಡಗು ದಾಟಿ ಬರುವ ಪಡುವಣ ಗಾಳಿ. 14ರಿಂದ 16 ಕಿ.ಮೀ. ಎತ್ತರದಲ್ಲಿರುವುದು ಉಷ್ಣವಲಯದ ಮೂಡಣ ಜೆಟ್. ಸೆಕೆಂಡಿಗೆ 30ರಿಂದ 50 ಮೀಟರ್ ವೇಗದ ಈ ಗಾಳಿಯನ್ನು 1958ರಲ್ಲಿ ವಿವರಿಸಿದವರು ನಮ್ಮವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ.

ಮುಂದಿನ ಆಷಾಢದಲ್ಲಿ ಇದನ್ನು ಅಳೆದೇ ನೋಡಿ. ತೋಳು ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ನೆತ್ತಿಯ ಹತ್ತಿರದ ಮೋಡವೊಂದು ಒಂದು ಮುಷ್ಟಿ ದಾಟಲು ಎಷ್ಟು ಸೆಕೆಂಡು ತೆಗೆದುಕೊಂಡಿತು ಎಂದು ಬರೆದುಕೊಳ್ಳಲಿ. ಒಂದೂವರೆ ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 12 ಮೀಟರ್ ಓಡುವ ಕರಿಮೋಡಕ್ಕೆ 22 ಸೆಕೆಂಡು ಸಾಕು. 12 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 30 ಮೀಟರ್ ಸಾಗುವ ಎಳೆಮೋಡಕ್ಕೆ 70 ಸೆಕೆಂಡು ಬೇಕು. ಎರಡೂವರೆ ಪಟ್ಟು ಜೋರಾಗಿ ಓಡುವುದು ಕಣ್ಣಿಗೆ ನಿಧಾನವಾಗಿ ಕಾಣುತ್ತದೆ. ಎತ್ತರ ಗೊತ್ತಿಲ್ಲದೆ ವೇಗ ಹೇಳಲಾಗದು ಎಂಬುದು ಇಲ್ಲೇ ಮನದಟ್ಟಾಗುತ್ತದೆ. ರೇಡಾರ್ ವಿಷಯದಲ್ಲೂ ಇದೇ ಮಾತು, ಅದಕ್ಕೆ ಇನ್ನೊಂದು ಸೇರುತ್ತದೆ: ಪ್ರತಿಧ್ವನಿ ಕೊಟ್ಟದ್ದು ಏನು ಎಂದು ಗೊತ್ತಿಲ್ಲದೆ ಅದನ್ನು ಗಾಳಿ ಎನ್ನಬಾರದು.

ರೇಡಾರ್‌ಗೆ ಗಾಳಿ ಕಾಣುವುದಿಲ್ಲ. ವಿ.ಸಿ. ನಾಲೆಯ ನೀರು ತಿಳಿಯಾಗಿ ಸಮನಾಗಿ ಹರಿಯುತ್ತಿದ್ದರೆ ದಡದಲ್ಲಿ ನಿಂತವನಿಗೆ ಅದು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದು. ಕಬ್ಬಿನ ತರಗು ತೇಲಿ ಬಂದಾಗ, ಇಲ್ಲವೇ ತೂಬಿನ ಬಳಿ ಎದ್ದ ಸುಳಿ ನೀರಿನೊಂದಿಗೆ ಜಾರಿ ಹೋದಾಗ ವೇಗ ತಿಳಿಯುತ್ತದೆ. ಆಕಾಶದಲ್ಲೂ ರೇಡಾರ್‌ಗೆ ಇಂಥ ತರಗು, ಸುಳಿಗಳೇ ಬೇಕು. ಅವು ಎತ್ತರಕ್ಕೊಂದು ಬಗೆಯವು. 20 ಕಿ.ಮೀ.ವರೆಗೆ ಗಾಳಿಯ ಸುಳಿಗಳು, 60ರಿಂದ 85 ಕಿ.ಮೀ. ನಡುವೆ ಹಗಲಿನ ಎಲೆಕ್ಟ್ರಾನುಗಳು, 80ರಿಂದ 100 ಕಿ.ಮೀ. ನಡುವೆ ಉರಿದುಹೋದ ಉಲ್ಕೆಗಳ ಜಾಡು. ಅದಕ್ಕೂ ಮೇಲೆ ಕಾಣುವುದು ಭೂಮಿಯ ಕಾಂತಕ್ಷೇತ್ರಕ್ಕೆ ಕಟ್ಟುಬಿದ್ದ ಪ್ಲಾಸ್ಮಾ. ಅದನ್ನು ಗಾಳಿ ಎಂದು ಓದಿದರೆ ತಪ್ಪು.

ಕೆಳಗಿನಿಂದ ಶುರುಮಾಡೋಣ. ಗಾಳಿಯಲ್ಲಿ ಸುಳಿ ಎದ್ದಾಗ ತಣ್ಣನೆಯ, ಬೆಚ್ಚನೆಯ, ತೇವದ, ಒಣ ಪದರಗಳು ಕಲೆಸಿಕೊಂಡು ವಕ್ರೀಭವನ ಸೂಚ್ಯಂಕದಲ್ಲಿ, ಅಂದರೆ ಅಲೆಯನ್ನು ಬಾಗಿಸುವ ಗುಣದಲ್ಲಿ, ಸಣ್ಣ ಏರುಪೇರು ಉಂಟಾಗುತ್ತದೆ. ಈ ಏರುಪೇರಿನಲ್ಲಿ ಎಲ್ಲ ಅಳತೆಯ ಸುಕ್ಕುಗಳೂ ಇರುತ್ತವೆ. ರೇಡಾರ್‌ಗೆ ಉತ್ತರ ಕೊಡುವುದು ಮಾತ್ರ ಅದರ ತರಂಗದೂರದ ಅರ್ಧದಷ್ಟು ಅಗಲದ ಸುಕ್ಕುಗಳು. ಸ್ಫಟಿಕದಿಂದ ಎಕ್ಸ್-ಕಿರಣ ಚದುರುವ ಬ್ರ್ಯಾಗ್ ನಿಯಮವೇ ಇದು. 53 ಮೆಗಾಹರ್ಟ್ಸ್ ರೇಡಾರ್‌ನ ತರಂಗದೂರ 5.66 ಮೀಟರ್. ಹಾಗಾಗಿ ಅದು ನೋಡುವುದು 2.83 ಮೀಟರಿನ ಸುಕ್ಕುಗಳನ್ನು, ಅಷ್ಟನ್ನೇ. ಹೀಗೆ ಮೋಡವಿಲ್ಲದ ಬಾನಿನಿಂದಲೂ ಪ್ರತಿಧ್ವನಿ ಪಡೆದು ಸಮೋಷ್ಣ ಮಂಡಲ (ಸುಮಾರು 17ರಿಂದ 50 ಕಿ.ಮೀ.) ಮತ್ತು ಮಧ್ಯಂತರ ಮಂಡಲಗಳ (50ರಿಂದ 85 ಕಿ.ಮೀ.) ಗಾಳಿ ಅಳೆಯಬಹುದು ಎಂದು 1974ರಲ್ಲಿ ತೋರಿಸಿಕೊಟ್ಟವರು ಪೆರು ದೇಶದ ಹಿಕಮಾರ್ಕಾದಲ್ಲಿ ಕೆಲಸ ಮಾಡುತ್ತಿದ್ದ ವುಡ್‌ಮನ್ ಮತ್ತು ಗಿಯೆನ್. ಕಾಂತೀಯ ಸಮಭಾಜಕದ ಮೇಲಿರುವ ಹಿಕಮಾರ್ಕಾದ ಆಂಟೆನಾ ಬಯಲಿನಲ್ಲಿ 18,432 ಡೈಪೋಲ್‌ಗಳಿವೆ. ಅದನ್ನು ಕಟ್ಟಿದ್ದು ಅಯಾನುಮಂಡಲ ನೋಡಲು. ಗಾಳಿಯ ದಾರಿ ಆಮೇಲೆ ತೆರೆದುಕೊಂಡಿತು.

ನಮಗೆ ಹತ್ತಿರದ್ದು ತಿರುಪತಿ ಬಳಿಯ ಗಾದಂಕಿಯ ಎಂಎಸ್‌ಟಿ ರೇಡಾರ್. ಮಧ್ಯಂತರ, ಸಮೋಷ್ಣ ಮತ್ತು ನೆಲಕ್ಕಂಟಿದ ಪರಿವರ್ತನಾ ಮಂಡಲಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳೇ ಎಂಎಸ್‌ಟಿ. ಮಂಡ್ಯದಿಂದ ನೇರ ಗೆರೆಯಲ್ಲಿ ಸುಮಾರು 270 ಕಿ.ಮೀ. ಉದ್ದಗಲ 130 ಮೀಟರಿನ ಬಯಲಿನಲ್ಲಿ 32 ಸಾಲು, ಸಾಲಿಗೆ 32ರಂತೆ 1024 ಯಾಗಿ ಆಂಟೆನಾಗಳು, 53 ಮೆಗಾಹರ್ಟ್ಸ್, ಮೊದಲ ವಿನ್ಯಾಸದಲ್ಲಿ ಗರಿಷ್ಠ ಶಕ್ತಿ 2.5 ಮೆಗಾವಾಟ್. ಆಗ 32 ದೊಡ್ಡ ಟ್ರಾನ್ಸ್‌ಮಿಟರ್‌ಗಳಿದ್ದವು. ಈಗ ಆಂಟೆನಾಕ್ಕೊಂದು ಘನಸ್ಥಿತಿ ಮಾಡ್ಯೂಲ್ ಕೂರಿಸಲಾಗಿದೆ. ಇದರಲ್ಲಿ ತಿರುಗುವ ಭಾಗ ಒಂದೂ ಇಲ್ಲ. ಸಾಲಿನಿಂದ ಸಾಲಿಗೆ ಸಂಕೇತದ ಹಂತವನ್ನು (ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಎಂಬುದನ್ನು) ಸ್ವಲ್ಪ ಸ್ವಲ್ಪ ಜರುಗಿಸಿದರೆ ಸುಮಾರು 3 ಡಿಗ್ರಿ ಅಗಲದ ಕಿರಣ ಬೇಕಾದ ಕಡೆ ವಾಲುತ್ತದೆ. ಸಾಮಾನ್ಯ ಕ್ರಮ ಹೀಗೆ: ನೆಟ್ಟಗೆ ಮೇಲಕ್ಕೆ, ಆಮೇಲೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣಗಳಿಗೆ 10 ಡಿಗ್ರಿ ವಾಲಿಸಿ ಒಂದೊಂದು ಸುತ್ತು. ಒಂದು ಸುತ್ತಿಗೆ ಕೆಲವು ನಿಮಿಷ.

ಎತ್ತರ ತಿಳಿಯುವುದು ಸಮಯದಿಂದ. 15 ಕಿ.ಮೀ. ಹೋಗಿ ಬರಲು 100 ಮೈಕ್ರೋಸೆಕೆಂಡು. 150 ಮೀಟರಿನಷ್ಟು ತೆಳು ಪದರಗಳನ್ನು ಬೇರ್ಪಡಿಸಲು 1 ಮೈಕ್ರೋಸೆಕೆಂಡಿನ ಪಲ್ಸ್ (ರೇಡಿಯೋ ಮಿಡಿತ) ಬೇಕು, ಆದರೆ ಅಷ್ಟು ಗಿಡ್ಡ ಪಲ್ಸ್‌ನಲ್ಲಿ ಶಕ್ತಿ ಸಾಲದು. ಆದ್ದರಿಂದ 16 ಮೈಕ್ರೋಸೆಕೆಂಡಿನ ಉದ್ದ ಪಲ್ಸ್ ಕಳಿಸಿ, ಅದರೊಳಗೆ ಮೈಕ್ರೋಸೆಕೆಂಡಿಗೊಮ್ಮೆ ಹಂತವನ್ನು ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ತಿರುಗಿಸುತ್ತಾರೆ. ಮರಳಿ ಬಂದಾಗ ಆ ಕ್ರಮಕ್ಕೆ ಹೊಂದಿಸಿ ನೋಡಿದರೆ ಉದ್ದ ಪಲ್ಸಿನ ಶಕ್ತಿಯೂ ಗಿಡ್ಡ ಪಲ್ಸಿನ ನಿಖರತೆಯೂ ಒಟ್ಟಿಗೆ ಸಿಗುತ್ತವೆ. ಎರಡು ಪಲ್ಸ್‌ಗಳ ನಡುವಿನ ಬಿಡುವು 250 ಮೈಕ್ರೋಸೆಕೆಂಡು ಇದ್ದರೆ 37.5 ಕಿ.ಮೀ.ವರೆಗೆ ಗೊಂದಲವಿಲ್ಲ. ಅದಕ್ಕಿಂತ ದೂರದಿಂದ ಬಲವಾದ ಪ್ರತಿಧ್ವನಿ ಬಂದರೆ ಅದು ಮುಂದಿನ ಪಲ್ಸಿನ ಲೆಕ್ಕಕ್ಕೆ ಬಿದ್ದು ಕಡಿಮೆ ಎತ್ತರದಲ್ಲಿ ಕಾಣಿಸಿಕೊಳ್ಳುತ್ತದೆ. ಸಮಭಾಜಕದ ಹತ್ತಿರ ಇದು ಪುಸ್ತಕದ ಮಾತಷ್ಟೇ ಅಲ್ಲ: 105 ಕಿ.ಮೀ. ಆಸುಪಾಸಿನ ವಿದ್ಯುತ್ ಪ್ರವಾಹ ಪದರದ ಪ್ರತಿಧ್ವನಿಗಳು ಅಷ್ಟು ಜೋರಾಗಿರುತ್ತವೆ.

ಇನ್ನು ಡಾಪ್ಲರ್ ಪಲ್ಲಟ: ಎದುರು ಬರುವುದರ ಪ್ರತಿಧ್ವನಿಯ ಆವೃತ್ತಿ ಏರುತ್ತದೆ, ದೂರ ಸರಿಯುವುದರದು ಇಳಿಯುತ್ತದೆ. ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸುತ್ತೇನೆ, ಕಪ್ಪುಹಲಗೆಯ ಮೇಲೆ ಹಾಗೆಯೇ ಮಾಡಿಸಬಹುದು. 53 ಮೆಗಾಹರ್ಟ್ಸ್‌ನಲ್ಲಿ 1 ಹರ್ಟ್ಸ್ ಪಲ್ಲಟ ಎಂದರೆ ಕಿರಣದ ಉದ್ದಕ್ಕೆ ಸೆಕೆಂಡಿಗೆ 2.83 ಮೀಟರ್ ವೇಗ. ಮೂಡಣ ಜೆಟ್ 40 ಮೀಟರ್ ವೇಗದಲ್ಲಿದೆ, ಜೊತೆಗೆ ಗಾಳಿ ಸೆಕೆಂಡಿಗೆ 1 ಮೀಟರಿನಂತೆ ಮೇಲೇರುತ್ತಿದೆ ಎನ್ನಿ. ಪೂರ್ವಕ್ಕೆ ವಾಲಿದ ಕಿರಣಕ್ಕೆ ಜೆಟ್ ಎದುರು ಬರುತ್ತದೆ: 40ನ್ನು 10 ಡಿಗ್ರಿಯ ಸೈನ್ ಆದ 0.1736ರಿಂದ ಗುಣಿಸಿದರೆ 6.95. ಮೇಲೇರುವ ಗಾಳಿ ದೂರ ಸರಿಯುತ್ತಿರುವುದರಿಂದ 0.98 ಕಳೆಯಿರಿ: 5.97 ಮೀಟರ್, ಅಂದರೆ ಪ್ಲಸ್ 2.11 ಹರ್ಟ್ಸ್. ಪಶ್ಚಿಮದ ಕಿರಣಕ್ಕೆ ಎರಡೂ ದೂರ ಸರಿಯುತ್ತವೆ: 7.93 ಮೀಟರ್, ಅಂದರೆ ಮೈನಸ್ 2.80 ಹರ್ಟ್ಸ್. ಎರಡರ ವ್ಯತ್ಯಾಸ 4.91 ಹರ್ಟ್ಸ್, ಅದನ್ನು 2.83ರಿಂದ ಗುಣಿಸಿ 0.347ರಿಂದ ಭಾಗಿಸಿದರೆ 40 ಮರಳಿ ಸಿಗುತ್ತದೆ. ಎರಡನ್ನೂ ಕೂಡಿಸಿ, ಅರ್ಧ ಮಾಡಿ, 2.83ರಿಂದ ಗುಣಿಸಿದರೆ ಮೇಲೇರುವ ಸುಮಾರು 1 ಮೀಟರ್ ಸಿಗುತ್ತದೆ. ಒಂದೇ ಕಿರಣದಿಂದ ಇವೆರಡನ್ನು ಬಿಡಿಸಲಾಗದು; ಎದುರುಬದುರು ಜೋಡಿ ಬೇಕಾಗುವುದು ಇದಕ್ಕೇ.

ಈ ಲೆಕ್ಕದಲ್ಲಿ ಒಂದು ನಂಬಿಕೆ ಅಡಗಿದೆ. 15 ಕಿ.ಮೀ. ಎತ್ತರದಲ್ಲಿ ಆ ಎರಡು ಕಿರಣಗಳು 5.3 ಕಿ.ಮೀ. ದೂರ ನಿಂತಿರುತ್ತವೆ. ಎರಡೂ ಕಡೆ ಗಾಳಿ ಒಂದೇ ಎಂದು ನಾವು ಒಪ್ಪಿಕೊಂಡಿದ್ದೇವೆ. ಶಾಂತ ದಿನ ಇದು ಸರಿ. ಏಪ್ರಿಲ್-ಮೇ ಸಂಜೆಯ ಗುಡುಗು ಮೋಡದೊಳಗೆ ಮೇಲ್ಮುಖ ಗಾಳಿ ಸೆಕೆಂಡಿಗೆ 10 ಮೀಟರ್ ದಾಟಬಹುದು, ಪಕ್ಕದಲ್ಲೇ ಕೆಳಮುಖ ಗಾಳಿಯೂ ಇರಬಹುದು. ಆಗ ಬಂದ ಅಡ್ಡಗಾಳಿಯ ಅಂಕಿಗೆ ಬೆಲೆಯಿಲ್ಲ, ಅದನ್ನು ಬದಿಗಿಡುವುದೇ ಸರಿ.

ತಪ್ಪುಗಳು ಇಷ್ಟಕ್ಕೇ ಮುಗಿಯುವುದಿಲ್ಲ. ಸುತ್ತಲಿನ ಗುಡ್ಡಗಳ ಪ್ರತಿಧ್ವನಿ ರೋಹಿತದಲ್ಲಿ (ಯಾವ ಆವೃತ್ತಿಯಲ್ಲಿ ಎಷ್ಟು ಬಲ ಎಂದು ತೋರಿಸುವ ಚಿತ್ರದಲ್ಲಿ) ಶೂನ್ಯ ಹರ್ಟ್ಸ್‌ನಲ್ಲಿ ಚೂಪಾದ ಮೊಳೆಯಂತೆ ನಿಲ್ಲುತ್ತದೆ. ಅದನ್ನು ಕಿತ್ತುಹಾಕುವುದು ವಾಡಿಕೆ. ಆದರೆ ನೆಟ್ಟಗಿನ ಕಿರಣದಲ್ಲಿ ನಿಜವಾದ ಗಾಳಿಯೂ ಶೂನ್ಯದ ಪಕ್ಕದಲ್ಲೇ ಇರುತ್ತದೆ! 64 ಪಲ್ಸ್ ಕೂಡಿಸಿ, ಆವೃತ್ತಿಗಳನ್ನು ಬಿಡಿಸಿ ತೋರುವ 512 ಬಿಂದುಗಳ ಫೂರಿಯೆ ಪರಿವರ್ತನೆ ಮಾಡಿದರೆ ಒಟ್ಟು ಸಮಯ 8.2 ಸೆಕೆಂಡು, ರೋಹಿತದ ಒಂದು ಮನೆ 0.12 ಹರ್ಟ್ಸ್, ಅಂದರೆ ಸೆಕೆಂಡಿಗೆ 35 ಸೆಂ.ಮೀ. ಮೇಲ್ಮುಖ ಗಾಳಿ ಎಷ್ಟೋ ದಿನ ಅದಕ್ಕಿಂತ ಕಡಿಮೆ. ಗುಡ್ಡವನ್ನು ತೆಗೆಯಲು ಹೋಗಿ ಗಾಳಿಯನ್ನೇ ತೆಗೆದಂತಾಗುತ್ತದೆ. ಮೇಲ್ಮುಖ ಗಾಳಿ ಬೇಕಿದ್ದರೆ ಪರಿವರ್ತನೆಯ ಅವಧಿ ಹೆಚ್ಚಿಸಿ, ಕೀಳುವ ಬಿಂದುಗಳನ್ನು ಕಡಿಮೆ ಮಾಡಬೇಕು. ಕಿರಣದ ನೇರವೂ ಅಷ್ಟೇ ಮುಖ್ಯ. ನೆಟ್ಟಗಿದೆ ಎಂದುಕೊಂಡ ಕಿರಣ 0.1 ಡಿಗ್ರಿ ವಾಲಿದ್ದರೆ 40 ಮೀಟರಿನ ಜೆಟ್‌ನಿಂದ ಸೆಕೆಂಡಿಗೆ 7 ಸೆಂ.ಮೀ. ಸುಳ್ಳು ಮೇಲ್ಮುಖ ಗಾಳಿ ಹುಟ್ಟುತ್ತದೆ. ದೀರ್ಘಕಾಲದ ಸರಾಸರಿ ಏರುಗಾಳಿಯ ಮುಂದೆ ಇದು ದೊಡ್ಡ ಮೊತ್ತ.

ಇನ್ನೊಂದು ತಪ್ಪು ಸದ್ದಿಲ್ಲದೆ ನುಸುಳುತ್ತದೆ. 16-17 ಕಿ.ಮೀ. ಎತ್ತರದಲ್ಲಿ ಪರಿವರ್ತನಾ ಮಂಡಲ ಮುಗಿಯುವ ಕಡೆ, ಉಷ್ಣತೆ ಮೈನಸ್ 80 ಡಿಗ್ರಿಯ ಆಸುಪಾಸಿಗೆ ಇಳಿದಿರುವಲ್ಲಿ, ಹಾಳೆಯಂತೆ ಮಲಗಿದ ಪದರಗಳಿರುತ್ತವೆ. ಇವು ನೆಟ್ಟಗೆ ಬಂದ ಅಲೆಗೆ ಕನ್ನಡಿಯಂತೆ ಪ್ರತಿಫಲನ ಕೊಡುತ್ತವೆ, ವಾಲಿದ ಅಲೆಗೆ ಕಡಿಮೆ. ಹೀಗಾಗಿ 10 ಡಿಗ್ರಿ ವಾಲಿದ ಕಿರಣದಲ್ಲೂ ನೆತ್ತಿಯ ಕಡೆಯ ಅಂಚಿನಿಂದಲೇ ಹೆಚ್ಚು ಪ್ರತಿಧ್ವನಿ ಬರುತ್ತದೆ. ನಿಜವಾದ ಕೋನ 9 ಡಿಗ್ರಿ ಆಗಿದ್ದು ಲೆಕ್ಕದಲ್ಲಿ 10 ಎಂದು ಹಾಕಿದರೆ 40 ಮೀಟರಿನ ಗಾಳಿ 36 ಎಂದು ಬರುತ್ತದೆ. ಬಲೂನಿನ ಜೊತೆ ಹೋಲಿಸುವ ಅಭ್ಯಾಸ ಇಲ್ಲದಿದ್ದರೆ ಈ ಹತ್ತನೇ ಒಂದು ಭಾಗದ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ರೋಹಿತದ ಅಗಲದಿಂದ ಸುಳಿಗಳ ಬಲ ತೆಗೆಯುವವರಿಗೂ ಒಂದು ಎಚ್ಚರಿಕೆ: 3 ಡಿಗ್ರಿ ಕಿರಣದ ಎರಡು ಅಂಚುಗಳಿಗೆ ಅಡ್ಡಗಾಳಿ ಬೇರೆ ಬೇರೆ ಕೋನದಲ್ಲಿ ಕಾಣುವುದರಿಂದ, 40 ಮೀಟರ್ ಗಾಳಿಯಲ್ಲಿ ಸುಳಿಯೇ ಇಲ್ಲದಿದ್ದರೂ ರೋಹಿತ ಎರಡೂ ಬದಿಗೆ ಸುಮಾರು 1 ಮೀಟರಿನಷ್ಟು ಅಗಲವಾಗುತ್ತದೆ. ಮೊದಲು ಅದನ್ನು ಕಳೆಯಬೇಕು.

20-25 ಕಿ.ಮೀ. ಮೇಲೆ ಪ್ರತಿಧ್ವನಿ ಬತ್ತಿಹೋಗುತ್ತದೆ. ತೇವಾಂಶ ಇಲ್ಲ, ಗಾಳಿ ತೆಳು, ಎಲೆಕ್ಟ್ರಾನು ಇನ್ನೂ ಶುರುವಾಗಿಲ್ಲ. ನೀವು ಕೇಳಿದ 50 ಕಿ.ಮೀ. ಸರಿಯಾಗಿ ಈ ಖಾಲಿ ಜಾಗದಲ್ಲಿದೆ. ಅಲ್ಲಿ ರೇಡಾರ್ ಎಷ್ಟೇ ದೊಡ್ಡದಿದ್ದರೂ ಗಾಳಿ ಕೊಡದು. ಗಾದಂಕಿಯ ಲೈಡಾರ್ 532 ನ್ಯಾನೋಮೀಟರಿನ ಹಸಿರು ಲೇಸರ್‌ನಿಂದ ಆ ಎತ್ತರದ ಉಷ್ಣತೆಯನ್ನು ಅಳೆಯುತ್ತದೆ. ಗಾಳಿಗಾಗಿ ಕೇರಳದ ತುಂಬಾ ಎಂಬ ಊರಿನಿಂದ ಹಾರಿಸಿದ ಹವಾಮಾನ ರಾಕೆಟ್‌ಗಳನ್ನು ನೆಚ್ಚಬೇಕಾಯಿತು.

60 ಕಿ.ಮೀ. ದಾಟಿದ ಮೇಲೆ ಸೂರ್ಯನ ಬೆಳಕು ಬಿಡುಗಡೆ ಮಾಡಿದ ಎಲೆಕ್ಟ್ರಾನುಗಳು ಕೆಲಸಕ್ಕೆ ಬರುತ್ತವೆ. ಇವುಗಳ ಪರಿಚಯ ಮೈಸೂರಿನವರಿಗೆ ಹಳೆಯದು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಶುರುಮಾಡಿದ ‘ಆಕಾಶವಾಣಿ’ಯ ಕಾಲದಿಂದಲೂ ರೇಡಿಯೋ ಕೇಳುವವರಿಗೆ ಗೊತ್ತು: ಹಗಲು ಸಿಗದ ದೂರದ ಮಧ್ಯಮ ತರಂಗದ ನಿಲ್ದಾಣ ರಾತ್ರಿ ಸಿಗುತ್ತದೆ. ಹಗಲಲ್ಲಿ ಆ ಅಲೆಗಳನ್ನು ಹೀರಿಕೊಳ್ಳುವುದು ಈ ಎಲೆಕ್ಟ್ರಾನುಗಳೇ. ಕತ್ತಲಾದಂತೆ ಅವು ಅಯಾನುಗಳೊಂದಿಗೆ ಕೂಡಿ ಕರಗುತ್ತವೆ, ದೂರದ ನಿಲ್ದಾಣಕ್ಕೆ ದಾರಿ ಬಿಡುತ್ತವೆ. ರೇಡಿಯೋ ಕೇಳುಗನಿಗೆ ಅನುಕೂಲವಾದ ರಾತ್ರಿ ಎಂಎಸ್‌ಟಿ ರೇಡಾರ್‌ಗೆ ಅನನುಕೂಲ. ಮಧ್ಯಂತರ ಮಂಡಲದ ಪ್ರತಿಧ್ವನಿ ಹಗಲು ಮಾತ್ರ, ಅದೂ ತುಂಡುತುಂಡು ಪದರಗಳಲ್ಲಿ, ಹೆಚ್ಚಾಗಿ 70ರಿಂದ 80 ಕಿ.ಮೀ. ನಡುವೆ. ಹಗಲಿನ ಏಳೆಂಟು ಗಂಟೆಯ ಅಳತೆಯಿಂದ 24 ಗಂಟೆಯ ಅಲೆಯನ್ನು ಸರಾಸರಿ ಗಾಳಿಯಿಂದ ಬೇರ್ಪಡಿಸಲಾಗದು. ಪ್ರಾಜೆಕ್ಟ್ ವರದಿಗಳಲ್ಲಿ ಆ ಎರಡನ್ನು ಬೆರೆಸಿಬಿಡುವುದು ಬಹಳ ಸುಲಭ, ದಯವಿಟ್ಟು ಗಮನಿಸಿ.

90 ಕಿ.ಮೀ.ಗೆ ಹಗಲೂ ರಾತ್ರಿಯೂ ಸಿಗುವ ಸಾಕ್ಷಿ ಉಲ್ಕೆಗಳು. ಮರಳಿನ ಕಣದಷ್ಟು ಸಣ್ಣ ಉಲ್ಕೆ ಉರಿದು ಬಿಟ್ಟುಹೋದ ಅಯಾನುಗಳ ಗೆರೆ ಅಲ್ಲಿನ ಗಾಳಿಯೊಂದಿಗೆ ತೇಲುತ್ತದೆ. ತಿರುವನಂತಪುರದ ತುಂಬಾದಲ್ಲಿ 35.25 ಮೆಗಾಹರ್ಟ್ಸ್‌ನ ಉಲ್ಕಾ ರೇಡಾರ್ 2004ರಲ್ಲಿ ಕೆಲಸ ಶುರುಮಾಡಿತು. ಅದರ ತರಂಗದೂರ 8.5 ಮೀಟರ್. 90 ಕಿ.ಮೀ. ಎತ್ತರದಲ್ಲಿ ಆ ಗೆರೆ ಹರಡಿ ಮಾಸಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಗಾಳಿ ನೇರ ಎದುರಿಗೆ 50 ಮೀಟರ್ ವೇಗದಲ್ಲಿದ್ದರೆ ಡಾಪ್ಲರ್ 11.8 ಹರ್ಟ್ಸ್, ಅಷ್ಟು ಹೊತ್ತಿನಲ್ಲಿ ಪ್ರತಿಧ್ವನಿಯ ಹಂತ ಒಂದು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗುತ್ತದೆ. ಆ ಒಂದು ಸುತ್ತನ್ನು ಅಳೆಯುವುದೇ ಇಡೀ ಕೆಲಸ. ಮಾಸುವ ವೇಗದಿಂದ ಅಲ್ಲಿನ ಉಷ್ಣತೆಯ ಅಂದಾಜೂ ಸಿಗುತ್ತದೆ.

ಉಲ್ಕೆ ಎಲ್ಲಿ ಬಿದ್ದಿತು ಎನ್ನಲು ಐದು ಗ್ರಾಹಕ ಆಂಟೆನಾಗಳನ್ನು ಕೂಡಿಸುವ ಗುರುತಿನಂತೆ ನೆಟ್ಟು, ಅವುಗಳ ನಡುವಿನ ಹಂತವ್ಯತ್ಯಾಸದಿಂದ ದಿಕ್ಕು ತೆಗೆಯುತ್ತಾರೆ. ನಡುವಿನ ಆಂಟೆನಾದಿಂದ ಅಂತರ ಒಂದು ಕಡೆ ತರಂಗದೂರದ 2 ಪಟ್ಟು, ಇನ್ನೊಂದು ಕಡೆ 2.5 ಪಟ್ಟು. ಬೇಕೆಂದೇ ಅಸಮ: ದೂರದ ಜೋಡಿ ನಿಖರತೆ ಕೊಡುತ್ತದೆ, ಎರಡು ಅಂತರಗಳ ನಡುವಿನ ಅರ್ಧ ತರಂಗದೂರದ ವ್ಯತ್ಯಾಸ ದಿಕ್ಕಿನ ಗೊಂದಲ ಬಿಡಿಸುತ್ತದೆ. ಆದರೂ ದಿಕ್ಕಿನಲ್ಲಿ 1 ಡಿಗ್ರಿ ತಪ್ಪಾದರೆ, ನೆತ್ತಿಯಿಂದ 60 ಡಿಗ್ರಿ ಕೆಳಗೆ 180 ಕಿ.ಮೀ. ದೂರದಲ್ಲಿರುವ ಉಲ್ಕೆಯ ಎತ್ತರದಲ್ಲಿ 2.7 ಕಿ.ಮೀ. ತಪ್ಪಾಗುತ್ತದೆ. ಕೇಬಲ್‌ನ ಉದ್ದ ಮಳೆಗಾಲ-ಬೇಸಿಗೆಯಲ್ಲಿ ಬದಲಾದರೂ, ಕನೆಕ್ಟರ್‌ಗೆ ನೀರು ಇಳಿದರೂ ಹಂತ ಜಾರುತ್ತದೆ. ಆಗ ರೇಡಾರ್ ನಿಲ್ಲುವುದಿಲ್ಲ, ಅಂಕಿಗಳು ಬರುತ್ತಲೇ ಇರುತ್ತವೆ, ಎತ್ತರ ಮಾತ್ರ ಸುಳ್ಳು. ದಿನದ ಉಲ್ಕೆಗಳ ಎತ್ತರದ ಹಂಚಿಕೆ 90 ಕಿ.ಮೀ. ಸುತ್ತ ಚೊಕ್ಕ ಗೋಪುರದಂತೆ ಇರಬೇಕು. ಅದು ಅಗಲವಾಗಿ ಚಪ್ಪಟೆಯಾದರೆ ಮೊದಲು ಕನೆಕ್ಟರ್ ಬಿಚ್ಚಿ ನೋಡಬೇಕು.

ಒಂದು ಗಂಟೆ, 2-3 ಕಿ.ಮೀ. ದಪ್ಪದ ಒಂದು ಪದರದಲ್ಲಿ ಸಿಕ್ಕ ಎಲ್ಲ ಉಲ್ಕೆಗಳ ವೇಗಗಳಿಗೆ ಕನಿಷ್ಠ ವರ್ಗ ವಿಧಾನದಿಂದ (ತಪ್ಪುಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ) ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ ಗಾಳಿಗಳನ್ನು ಹೊಂದಿಸುತ್ತಾರೆ. ಏಳೆಂಟಕ್ಕಿಂತ ಕಡಿಮೆ ಉಲ್ಕೆ ಇದ್ದರೆ ಆ ಗಂಟೆಯನ್ನು ಖಾಲಿ ಬಿಡುವುದೇ ಪ್ರಾಮಾಣಿಕತೆ. ಬೆಳಗಿನ ಜಾವ ಭೂಮಿಯ ಮುಂದಿನ ಮುಖಕ್ಕೆ ನಾವು ಬರುತ್ತೇವೆ, ಉಲ್ಕೆಗಳು ದಂಡಿಯಾಗಿ ಸಿಗುತ್ತವೆ. ಸಂಜೆ 6ರ ಸುಮಾರಿಗೆ ಬರ. ದಿನವೂ ಅದೇ ಹೊತ್ತಿಗೆ ಅಂಕಿಗಳು ತೆಳುವಾಗುವುದರಿಂದ ದೈನಂದಿನ ಅಲೆಯ ಲೆಕ್ಕ ವಾಲುವ ಅಪಾಯ ಇದೆ.

ತಮಿಳುನಾಡಿನ ತಿರುನೆಲ್ವೇಲಿಯಲ್ಲಿ 1.98 ಮೆಗಾಹರ್ಟ್ಸ್ ರೇಡಾರ್ 1992ರಿಂದ 68-98 ಕಿ.ಮೀ. ಗಾಳಿಯನ್ನು ಬೇರೆಯೇ ಬಗೆಯಲ್ಲಿ ಅಳೆಯಿತು. ಅಲ್ಲಿ ಮೂರು ಆಂಟೆನಾಗಳ ಮೇಲೆ ಪ್ರತಿಧ್ವನಿಯ ನೆರಳು-ಬೆಳಕು ಜಾರುವ ವೇಗ ನೋಡುತ್ತಿದ್ದರು. ಕಾಂತೀಯ ಸಮಭಾಜಕ ಅಲ್ಲಿಗೆ ಹತ್ತಿರ. ಆದ್ದರಿಂದ 95 ಕಿ.ಮೀ. ಸುತ್ತಮುತ್ತ ಮತ್ತು ಮೇಲೆ ಹಗಲಲ್ಲಿ ಕಾಣುವುದು ಗಾಳಿಯ ಚಲನೆಯೋ ವಿದ್ಯುತ್ ಕ್ಷೇತ್ರ ತಳ್ಳಿದ ಎಲೆಕ್ಟ್ರಾನುಗಳ ಚಲನೆಯೋ ಎಂಬ ಸಂದೇಹ ಏಳುತ್ತದೆ. ಒಂದೇ ಅಂಕಿ, ಎರಡು ಅರ್ಥ.

ಈಗ ಅಲೆಗಳ ಮಾತು. ಮೊದಲು ಹೆಸರಿನ ಗೊಂದಲ ತೀರಿಸಿಬಿಡಿ. ಇಲ್ಲಿನ ಗುರುತ್ವ ಅಲೆಗೂ ಕಪ್ಪುಕುಳಿಗಳ ಡಿಕ್ಕಿಯಿಂದ ಬರುವ ಗುರುತ್ವ ತರಂಗಕ್ಕೂ ಸಂಬಂಧವಿಲ್ಲ. ಮೇಲಕ್ಕೆ ತಳ್ಳಿದ ಗಾಳಿ ಭಾರವಾಗಿ ಕೆಳಗಿಳಿದು, ತಡೆಯಲಾಗದೆ ಇನ್ನೂ ಕೆಳಗೆ ಹೋಗಿ, ಮತ್ತೆ ತೇಲಿ ಬರುವ ಓಲಾಟ ಇದು. ಪಶ್ಚಿಮ ಘಟ್ಟಕ್ಕೆ ಬಡಿದ ಮುಂಗಾರು ಗಾಳಿಯಾಗಲಿ, ಮೇ ತಿಂಗಳ ಗುಡುಗು ಮೋಡವಾಗಲಿ ಇಂಥ ಅಲೆ ಎಬ್ಬಿಸುತ್ತದೆ. ಸಮೋಷ್ಣ ಮಂಡಲದಲ್ಲಿ ಇದರ ಅತಿ ಗಿಡ್ಡ ಅವಧಿ ಸುಮಾರು 5 ನಿಮಿಷ. ಉದ್ದದ ಮಿತಿ ಭೂಮಿಯ ತಿರುಗುವಿಕೆಯಿಂದ ಬರುತ್ತದೆ: 12 ಗಂಟೆಯನ್ನು ಅಕ್ಷಾಂಶದ ಸೈನ್‌ನಿಂದ ಭಾಗಿಸಿ. ಮಂಡ್ಯಕ್ಕೆ ಅದು ಸುಮಾರು 55 ಗಂಟೆ, 30 ಡಿಗ್ರಿ ಅಕ್ಷಾಂಶದಲ್ಲಿ 24 ಗಂಟೆ, ಸಮಭಾಜಕದ ಮೇಲೆ ಮಿತಿಯೇ ಇಲ್ಲ. ಸೂರ್ಯನ ಬಿಸಿಯಿಂದ ದಿನಕ್ಕೊಮ್ಮೆ ಏಳುವ 24 ಗಂಟೆಯ ಉಬ್ಬರದ ಅಲೆ 30 ಡಿಗ್ರಿಯ ಒಳಗಷ್ಟೇ ಸರಾಗ ಮೇಲೇರಲು ಇದೇ ಕಾರಣ. ಅದಕ್ಕೇ ನಮ್ಮ ಅಕ್ಷಾಂಶಗಳಲ್ಲಿ 90 ಕಿ.ಮೀ. ಎತ್ತರದ ಗಾಳಿಯಲ್ಲಿ ಅದರದೇ ದೊಡ್ಡ ಪಾಲು.

ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ ಅಲೆಯ ಪಾರ, ಅಂದರೆ ಓಲಾಟದ ಗಾತ್ರ, ಬೆಳೆಯುತ್ತದೆ. 14 ಕಿ.ಮೀ.ಗೆ 2.7 ಪಟ್ಟಿನಂತೆ ಲೆಕ್ಕ ಹಾಕಿದರೆ 90 ಕಿ.ಮೀ.ಗೆ 600 ಪಟ್ಟು. ಕೆಳಗೆ ಸೆಕೆಂಡಿಗೆ 1 ಸೆಂ.ಮೀ. ಇದ್ದ ಓಲಾಟ ದಾರಿಯಲ್ಲಿ ಒಡೆಯದೆ ಹೋದರೆ ಅಲ್ಲಿ 6 ಮೀಟರ್. ಹೆಚ್ಚಿನವು ಒಡೆಯುತ್ತವೆ, ಒಡೆದಲ್ಲಿ ತಾವು ಹೊತ್ತ ಸಂವೇಗವನ್ನು ಗಾಳಿಗೆ ಕೊಟ್ಟು ಅದರ ದಿಕ್ಕನ್ನೇ ಬದಲಿಸುತ್ತವೆ. ಎದುರುಬದುರು ಕಿರಣಗಳ ವೇಗಗಳ ವರ್ಗದ ಸರಾಸರಿಯಲ್ಲಿರುವ ವ್ಯತ್ಯಾಸದಿಂದ ಈ ಸಂವೇಗ ತೆಗೆಯುವ ದಾರಿಯನ್ನು ವಿನ್ಸೆಂಟ್ ಮತ್ತು ರೀಡ್ 1983ರಲ್ಲಿ ತೋರಿಸಿದರು. ಎರಡು ದೊಡ್ಡ, ಹೆಚ್ಚುಕಡಿಮೆ ಸಮವಾದ ಅಂಕಿಗಳನ್ನು ಕಳೆಯುವ ಕೆಲಸವಾದ್ದರಿಂದ ಹಲವು ಗಂಟೆಗಳ ಸರಾಸರಿ ಇಲ್ಲದೆ ಇದು ಕೈಗೆ ಹತ್ತುವುದಿಲ್ಲ.

ಅಲೆ ಹೌದೋ ಅಲ್ಲವೋ ಎನ್ನಲು ಎತ್ತರ-ಸಮಯದ ಚಿತ್ರ ಬಿಡಿಸಿ. ಗಾಳಿಯ ಪಟ್ಟೆಗಳು ಕಾಲ ಕಳೆದಂತೆ ಓರೆಯಾಗಿ ಕೆಳಗಿಳಿಯುತ್ತಿದ್ದರೆ ಶಕ್ತಿ ಕೆಳಗಿನಿಂದ ಮೇಲಕ್ಕೆ ಹೋಗುತ್ತಿದೆ ಎಂದರ್ಥ. ವಿದ್ಯಾರ್ಥಿಗಳು ಇದನ್ನು ತಿರುಗುಮುರುಗಾಗಿ ಹೇಳುವುದು ಸಾಮಾನ್ಯ. ಕೆಲ್ವಿನ್ ಅಲೆಯಾದರೆ ಪರೀಕ್ಷೆ ಇನ್ನೂ ಸುಲಭ: ಪೂರ್ವಕ್ಕೆ ಸಾಗುವ, ಸಮಭಾಜಕಕ್ಕೆ ಅಂಟಿಕೊಂಡ ಈ ಅಲೆ ಪೂರ್ವ-ಪಶ್ಚಿಮ ಗಾಳಿಯಲ್ಲೂ ಉಷ್ಣತೆಯಲ್ಲೂ ಕಾಣುತ್ತದೆ, ಉತ್ತರ-ದಕ್ಷಿಣ ಗಾಳಿಯಲ್ಲಿ ಕಾಣುವುದಿಲ್ಲ. ಎರಡರಲ್ಲೂ ಒಂದೇ ಅವಧಿ ಕಂಡರೆ ಅದು ಕೆಲ್ವಿನ್ ಅಲ್ಲ. 15 ದಿನದ ಕೆಲ್ವಿನ್ ಅಲೆ ಹಿಡಿಯಲು ಕನಿಷ್ಠ 45 ದಿನ ಬಿಡದೆ ಅಳೆಯಬೇಕು. ಇಂಡೋನೇಷ್ಯಾದ ಸುಮಾತ್ರಾದ ಕೊಟೊತಬಾಂಗ್‌ನಲ್ಲಿ, ಸಮಭಾಜಕದಿಂದ 0.2 ಡಿಗ್ರಿ ದಕ್ಷಿಣಕ್ಕೆ, ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯ 2001ರಲ್ಲಿ ಕಟ್ಟಿದ ರೇಡಾರ್‌ನ ದೊಡ್ಡ ಗುಣ ಈ ಬಿಡದ ಅಳತೆ. 47 ಮೆಗಾಹರ್ಟ್ಸ್, 560 ಆಂಟೆನಾ, 100 ಕಿಲೋವಾಟ್. ಬಲದಲ್ಲಿ ಗಾದಂಕಿಯ ಹಳೆಯ ಅಂಕಿಗಿಂತ ಚಿಕ್ಕದು. ಆದರೆ ಸಮಭಾಜಕದ ಅಲೆಗಳನ್ನು ನೋಡಲು ಆ ಜಾಗ ಮತ್ತು ತಾಳ್ಮೆ ವಾಟ್‌ಗಳಿಗಿಂತ ಹೆಚ್ಚು ಬೆಲೆಬಾಳುತ್ತವೆ.

ಇದೇ ಅಲೆಗಳು ಸೇರಿ ನಡೆಸುವ ಅಚ್ಚರಿಯೊಂದಿದೆ. ಸಮಭಾಜಕದ ಮೇಲೆ ಸಮೋಷ್ಣ ಮಂಡಲದ ಗಾಳಿ ಒಮ್ಮೆ ಮೂಡಣ, ಒಮ್ಮೆ ಪಡುವಣವಾಗಿ, ಸರಾಸರಿ 28 ತಿಂಗಳಿಗೊಂದು ಸುತ್ತು ಮುಗಿಸುತ್ತದೆ. ಋತುವಿನ ಹಂಗಿಲ್ಲ. ಹೊಸ ದಿಕ್ಕಿನ ಗಾಳಿ ಮೇಲೆ ಶುರುವಾಗಿ ತಿಂಗಳಿಗೆ ಸುಮಾರು 1 ಕಿ.ಮೀ.ನಂತೆ ಕೆಳಗಿಳಿಯುತ್ತದೆ. 2016ರ ಆರಂಭದಲ್ಲಿ ಈ ಕ್ರಮವೇ ತಪ್ಪಿ, ಪಡುವಣ ಗಾಳಿಯ ನಡುವೆ ಮೂಡಣ ಗಾಳಿ ತಲೆಹಾಕಿದ್ದನ್ನು ಬಲೂನುಗಳು ದಾಖಲಿಸಿದವು.

ಇನ್ನು ನಿಮ್ಮ ಕಾಲೇಜು. ರೇಡಾರ್ ಕಟ್ಟುವ ಯೋಚನೆ ಬೇಡ. ಪ್ರಸಾರಕ್ಕೆ ಪರವಾನಗಿ ಬೇಕು, ಖರ್ಚೂ ದೊಡ್ಡದು. ಎರಡು ಕೆಲಸ ಮಾಡಿ. ಬೆಂಗಳೂರಿನಿಂದ ಹಾರುವ ಹವಾಮಾನ ಬಲೂನಿನ ಅಂಕಿಗಳು ವ್ಯೋಮಿಂಗ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಕೇಂದ್ರ ಸಂಖ್ಯೆ 43295ರ ಅಡಿ ಉಚಿತವಾಗಿ ಸಿಗುತ್ತವೆ. ಜುಲೈ ತಿಂಗಳ ದಿನಗಳನ್ನು ಒಟ್ಟುಮಾಡಿ ಎತ್ತರಕ್ಕೆ ಗಾಳಿಯ ನಕ್ಷೆ ಬರೆಸಿ. ಪಡುವಣ ಗಾಳಿ ಮೂಡಣವಾಗುವ ಎತ್ತರ ಎಷ್ಟು ಎಂದು ಕೇಳಿ. ಚಾಮುಂಡಿಬೆಟ್ಟದ ಮುಷ್ಟಿ ಲೆಕ್ಕಕ್ಕೆ ಬೇಕಾದ ಎತ್ತರವೂ ಇಲ್ಲಿಂದಲೇ ಸಿಗುತ್ತದೆ.

ಎರಡನೆಯದು ಉಲ್ಕೆ ಎಣಿಸುವುದು. ಎಫ್‌ಎಂ ಬ್ಯಾಂಡ್‌ಗೆ ಕತ್ತರಿಸಿದ ಮೂರು-ನಾಲ್ಕು ಕಡ್ಡಿಯ ಯಾಗಿ, ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೋ ಗ್ರಾಹಕ), ಒಂದು ಹಳೆಯ ಲ್ಯಾಪ್‌ಟಾಪ್ ಸಾಕು. ಮೈಸೂರು, ಬೆಂಗಳೂರಿನ ಯಾವ ನಿಲ್ದಾಣವೂ ಸೋರದ, 600ರಿಂದ 1000 ಕಿ.ಮೀ. ದೂರದ ಯಾವುದೋ ನಿಲ್ದಾಣ ಇರುವ ಆವೃತ್ತಿ ಹುಡುಕಿ. ಆಂಟೆನಾವನ್ನು ಆ ದಿಕ್ಕಿಗೆ ದಿಗಂತದಿಂದ 10-15 ಡಿಗ್ರಿ ಮೇಲಕ್ಕೆ ಎತ್ತಿ ಕಟ್ಟಿ. ಗೊರ್ ಎನ್ನುವ ಸದ್ದಿನ ನಡುವೆ ಅರೆಕ್ಷಣ ಮಾತೋ ಹಾಡೋ ಚಿಮ್ಮಿ ಅಡಗಿದರೆ ಅದು ಉಲ್ಕೆ. ನಿಮಿಷಗಟ್ಟಲೆ ಕೇಳಿಸಿದರೆ ಉಲ್ಕೆಯಲ್ಲ, ಕೆಳಪದರದ ಬಾಗುವಿಕೆಯೋ ಬಿಡಿ ಅಯಾನು ಪದರವೋ ಇರಬೇಕು. ಅಲುಗುತ್ತಾ ಏರಿಳಿದರೆ ವಿಮಾನ. ಇದರಿಂದ ಗಾಳಿ ತೆಗೆಯಲು ಹೋಗಬೇಡಿ: ಎಫ್‌ಎಂ ಸಂಕೇತ ತಾನೇ 75 ಕಿಲೋಹರ್ಟ್ಸ್‌ವರೆಗೆ ಅತ್ತಿತ್ತ ಓಲಾಡುತ್ತಿರುವಾಗ ಹತ್ತಾರು ಹರ್ಟ್ಸ್‌ನ ಡಾಪ್ಲರ್ ಅದರಲ್ಲಿ ಮುಳುಗಿಹೋಗುತ್ತದೆ, ಉಲ್ಕೆ ಎಲ್ಲಿತ್ತು ಎಂಬುದೂ ತಿಳಿಯದು. ಆದರೆ ಗಂಟೆಗೆಷ್ಟು ಎಂಬ ಎಣಿಕೆ ಸಿಗುತ್ತದೆ. ಒಂದು ವಾರ ಬಿಡದೆ ಎಣಿಸಿದರೆ ಬೆಳಗಿನ ಜಾವದ ಏರು, ಸಂಜೆಯ ಇಳಿತ ನಿಮ್ಮದೇ ಅಂಕಿಗಳಲ್ಲಿ ಮೂಡುತ್ತವೆ. ಡಿಸೆಂಬರ್ 13-14ರ ಜೆಮಿನಿಡ್ ಉಲ್ಕಾಪಾತಕ್ಕೆ ಮೊದಲೇ ಎಲ್ಲ ಸಿದ್ಧಮಾಡಿಕೊಂಡಿರಿ.

ದಾಖಲೆ ಪುಸ್ತಕದಲ್ಲಿ ಸಮಯದ ಅಂಕಣದ ಮೇಲೆ ಐಎಸ್‌ಟಿಯೋ (ಭಾರತದ ಸಮಯ) ಯುಟಿಸಿಯೋ (ವಿಶ್ವ ಸಮಯ) ಎಂದು ಮೊದಲ ದಿನವೇ ಬರೆಸಿ. ಬಲೂನಿನ ಅಂಕಿಗಳು ಯುಟಿಸಿಯಲ್ಲಿರುತ್ತವೆ, ನಿಮ್ಮ ಲ್ಯಾಪ್‌ಟಾಪ್ ಐಎಸ್‌ಟಿಯಲ್ಲಿ. ಐದೂವರೆ ಗಂಟೆಯ ಈ ಗೊಂದಲ 24 ಗಂಟೆಯ ಅಲೆಯ ಹಂತವನ್ನು 82.5 ಡಿಗ್ರಿ ತಿರುಗಿಸುತ್ತದೆ, 12 ಗಂಟೆಯ ಅಲೆಯನ್ನು 165 ಡಿಗ್ರಿ ತಿರುಗಿಸಿ ಹೆಚ್ಚುಕಡಿಮೆ ತಲೆಕೆಳಗು ಮಾಡುತ್ತದೆ. ಸೂರ್ಯನ ಹೊತ್ತಿಗೆ ಹೋಲಿಸುವುದಾದರೆ ಇನ್ನೊಂದು ತಿದ್ದುಪಡಿ: ಮಂಡ್ಯದ ಸೂರ್ಯಸಮಯ ಗಡಿಯಾರಕ್ಕಿಂತ ಸರಾಸರಿ 22 ನಿಮಿಷ ಹಿಂದಿದೆ.